ಹೇರಿದ ಗಾಡಿ ಮಗುಚುವುದೇಕೆ? ಟ್ರ್ಯಾಕ್ಟರಿನ ಮೂತಿ ಮೇಲೇಳುವುದೇಕೆ?

ಸುಗ್ಗಿ ಮುಗಿಯುವ ಹೊತ್ತಿಗೆ ಹುಲ್ಲಿನ ಗಾಡಿಯೊಂದು ಬದುವಿನ ಬಳಿ ಮಗುಚಿತೆಂಬ ಸುದ್ದಿ ಯಾವುದಾದರೂ ಊರಿನಿಂದ ಬಂದೇ ಬರುತ್ತದೆ. ಹುಲ್ಲು ಚೆಲ್ಲಿದರೆ ಮತ್ತೆ ಹೇರಬಹುದು. ಆದರೆ ಗಾಡಿಯ ಮೇಲೆ ಕುಳಿತವನ ಸೊಂಟ ಮುರಿದರೆ, ನೊಗಕ್ಕೆ ಸಿಕ್ಕಿದ ಎತ್ತಿನ ಕಾಲು ಹೋದರೆ ಆ ನಷ್ಟ ಆ ವರ್ಷಕ್ಕೆ ಮುಗಿಯುವಂಥದಲ್ಲ. ಟ್ರ್ಯಾಕ್ಟರು ಮಗುಚಿದರಂತೂ ಚಾಲಕ ಬದುಕಿ ಉಳಿಯುವುದೇ ಅಪರೂಪ. ಇಂತಹ ಅಪಘಾತಗಳನ್ನು ದುರದೃಷ್ಟವೆಂದು ಹೇಳಿ ಬಿಟ್ಟುಬಿಡುವುದು ರೂಢಿ. ವಾಸ್ತವವಾಗಿ ಇವುಗಳಲ್ಲಿ ಹೆಚ್ಚಿನವು ಭೌತಶಾಸ್ತ್ರದ ಒಂದು ಸರಳ ನಿಯಮವನ್ನು ಮೀರಿದ್ದರಿಂದ ಆಗುವಂಥವು. ಆ ನಿಯಮವನ್ನು ಪ್ರೌಢಶಾಲೆಯ ಪುಸ್ತಕದಲ್ಲಿ ವಸ್ತುಗಳ ಸಮತೋಲ ಎಂಬ ಹೆಸರಿನಲ್ಲಿ ಕಲಿಸುತ್ತಾರೆ. ಅಲ್ಲಿ ಅದನ್ನು ಓದಿ ಪರೀಕ್ಷೆ ಬರೆದವರು ಹೊಲದಲ್ಲಿ ಅದನ್ನು ಗುರುತಿಸುವುದು ಮಾತ್ರ ಕಡಿಮೆ.

ಗುರುತ್ವ ಕೇಂದ್ರ ಎಂದರೇನು?

ಒಂದು ಗುದ್ದಲಿಯನ್ನು ತೆಗೆದುಕೊಂಡು ಅದರ ಕಾವನ್ನು ಒಂದೇ ಬೆರಳಿನ ಮೇಲೆ ಅಡ್ಡಲಾಗಿ ನಿಲ್ಲಿಸಲು ಪ್ರಯತ್ನಿಸಿ. ಕಾವಿನ ನಡುವಿನಲ್ಲಿ ಬೆರಳಿಟ್ಟರೆ ಅದು ನಿಲ್ಲುವುದಿಲ್ಲ. ಅಲಗಿನ ಕಡೆಗೆ ಬಾಗುತ್ತದೆ. ಬೆರಳನ್ನು ಅಲಗಿನ ಹತ್ತಿರಕ್ಕೆ ಸರಿಸುತ್ತಾ ಹೋದಂತೆ ಒಂದು ಕಡೆ ಗುದ್ದಲಿ ಎತ್ತಲೂ ವಾಲದೆ ನಿಲ್ಲುತ್ತದೆ. ಗುದ್ದಲಿಯ ಒಟ್ಟು ತೂಕವೆಲ್ಲವೂ ಆ ಸ್ಥಾನದಲ್ಲಿಯೇ ಸೇರಿಕೊಂಡಿದೆಯೋ ಎಂಬಂತೆ ಅದು ವರ್ತಿಸುತ್ತದೆ. ಅಂತಹ ಬಿಂದುವಿಗೆ ಗುರುತ್ವ ಕೇಂದ್ರ ಎಂದು ಹೆಸರು. ಅದು ವಸ್ತುವಿನ ನಡುಮಧ್ಯದಲ್ಲಿಯೇ ಇರಬೇಕೆಂದೇನೂ ಇಲ್ಲ. ಭಾರ ಎತ್ತ ಹೆಚ್ಚೋ ಅತ್ತ ಸರಿದಿರುತ್ತದೆ. ಕೊಡ ಹೊರುವಾಗ ತಲೆಯ ಮೇಲಿಡುವ ಸಿಂಬಿಯ ಗುರುತ್ವ ಕೇಂದ್ರ ಅದರ ಬಟ್ಟೆಯಲ್ಲಿಲ್ಲ, ನಡುವಿನ ಬರಿದಾದ ತೂತಿನಲ್ಲಿದೆ.

ನೆಲದ ಮೇಲಿರುವ ವಸ್ತು ಬೀಳದೆ ನಿಲ್ಲಬೇಕಾದರೆ ಗುರುತ್ವ ಕೇಂದ್ರದಿಂದ ನೇರವಾಗಿ ಕೆಳಕ್ಕೆ ಬಿಟ್ಟ ತೂಗುಗುಂಡಿನ ದಾರವು ಅದರ ಪಾದದ ಒಳಗೆ ಬೀಳಬೇಕು. ಪಾದವೆಂದರೆ ವಸ್ತು ನೆಲ ಮುಟ್ಟುವ ಸ್ಥಳಗಳನ್ನು ಸುತ್ತುವರಿದ ಜಾಗ. ನಾಲ್ಕು ಕಾಲಿನ ಮಂಚಕ್ಕೆ ನಾಲ್ಕು ಕಾಲುಗಳ ನಡುವಿನ ಜಾಗವೆಲ್ಲ ಪಾದವೇ. ದಾರ ಈ ಗೆರೆ ದಾಟಿದ ಕ್ಷಣದಲ್ಲಿ ವಸ್ತು ಉರುಳಲೇಬೇಕು. ಬಣವೆಯ ಬುಡ ಅಗಲವಾಗಿರಬೇಕೆಂದು ಹಿರಿಯರು ಹೇಳುವುದೂ ಇದೇ ಕಾರಣದಿಂದ.

ಸಮತೋಲದಲ್ಲಿ ಮೂರು ಬಗೆ. ಮೂರನ್ನೂ ಮನೆಯಲ್ಲಿಯೇ ನೋಡಬಹುದು. ತೊಲೆಗೆ ತೂಗುಹಾಕಿದ ಲಾಂದ್ರವನ್ನು ಪಕ್ಕಕ್ಕೆ ತಳ್ಳಿದರೆ ತೂಗಾಡಿ ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ತಳ್ಳಿದಾಗ ಅದರ ಗುರುತ್ವ ಕೇಂದ್ರ ಮೇಲಕ್ಕೆ ಏರಬೇಕಾಗುತ್ತದೆ. ಬಿಟ್ಟ ಕೂಡಲೆ ಅದು ಕೆಳಗಿಳಿಯುತ್ತದೆ. ಇದು ಸ್ಥಿರ ಸಮತೋಲ. ಒನಕೆಯನ್ನು ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಒಂದು ಕ್ಷಣ ನಿಂತೀತು. ಸ್ವಲ್ಪ ಅಲುಗಿದರೂ ಗುರುತ್ವ ಕೇಂದ್ರ ಕೆಳಗಿಳಿಯಲು ದಾರಿ ಸಿಕ್ಕಿ ಒನಕೆ ಬೀಳುತ್ತದೆ. ಇದು ಅಸ್ಥಿರ ಸಮತೋಲ. ಅದೇ ಒನಕೆಯನ್ನು ನೆಲದ ಮೇಲೆ ಮಲಗಿಸಿ ಉರುಳಿಸಿದರೆ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ, ಗುರುತ್ವ ಕೇಂದ್ರ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದು ತಟಸ್ಥ ಸಮತೋಲ. ಗಾಡಿ, ಟ್ರ್ಯಾಕ್ಟರುಗಳು ಮೊದಲ ಬಗೆಗೆ ಸೇರಿದವು, ಆದರೆ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ಎಷ್ಟು ಎಂಬುದನ್ನು ಹೇರು ಹಾಕುವವನೇ ಗೊತ್ತು ಮಾಡುತ್ತಾನೆ.

ನೊಗದ ಮೇಲಿನ ಭಾರ

ಎರಡು ಗಾಲಿಯ ಗಾಡಿ ತಕ್ಕಡಿಯಿದ್ದಂತೆ. ಅಚ್ಚು ಅದರ ಮುಳ್ಳು. ಅಚ್ಚಿನ ಮುಂದಿರುವ ಭಾರ ನೊಗವನ್ನು ಕೆಳಕ್ಕೆ ಒತ್ತುತ್ತದೆ, ಹಿಂದಿರುವ ಭಾರ ನೊಗವನ್ನು ಮೇಲಕ್ಕೆ ಎತ್ತುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಬರಿಯ ತೂಕವಲ್ಲ. ತೂಕವನ್ನು ಅಚ್ಚಿನಿಂದ ಅದಕ್ಕಿರುವ ದೂರದಿಂದ ಗುಣಿಸಿದಾಗ ಬರುವ ತಿರುಗುಬಲ. ಏತದ ಮರದ ಮೇಲೆ ಮನುಷ್ಯ ಒಂದೆರಡು ಹೆಜ್ಜೆ ಅತ್ತಿತ್ತ ನಡೆದ ಮಾತ್ರಕ್ಕೆ ನೀರು ತುಂಬಿದ ಬಾನಿ ಮೇಲೇರುವುದೂ ಇಳಿಯುವುದೂ ಇದರಿಂದಲೇ. ಗ್ರೀಸಿನ ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲಿಯೇ ಈ ನಿಯಮವನ್ನು ತರ್ಕಬದ್ಧವಾಗಿ ನಿರೂಪಿಸಿದ್ದನು.

ಒಂದು ಉದಾಹರಣೆ ನೋಡೋಣ. ಗಾಡಿ ಮತ್ತು ಹೇರು ಸೇರಿ 1,000 ಕಿ.ಗ್ರಾಂ. ಇರಲಿ. ಅಚ್ಚಿನಿಂದ ನೊಗಕ್ಕೆ 250 ಸೆಂ.ಮೀ. ದೂರವಿರಲಿ. ಒಟ್ಟು ಭಾರದ ಗುರುತ್ವ ಕೇಂದ್ರ ಅಚ್ಚಿಗಿಂತ 10 ಸೆಂ.ಮೀ. ಮುಂದಿದ್ದರೆ ತಿರುಗುಬಲ 10,000. ಇದನ್ನು 250ರಿಂದ ಭಾಗಿಸಿದರೆ ನೊಗದ ಮೇಲೆ 40 ಕಿ.ಗ್ರಾಂ., ಅಂದರೆ ಒಂದೊಂದು ಎತ್ತಿನ ಹೆಗಲಿಗೆ 20 ಕಿ.ಗ್ರಾಂ. ಬೀಳುತ್ತದೆ. ಇದು ಎತ್ತು ತಡೆಯಬಲ್ಲ ಭಾರ. ಈಗ 75 ಕಿ.ಗ್ರಾಂ.ನ ಎರಡು ಮೂಟೆಗಳನ್ನು ಗಾಡಿಯ ಹಿಂಭಾಗದಿಂದ ತೆಗೆದು ಒಂದು ಮೀಟರ್ ಮುಂದೆ ಇಟ್ಟರೆ ಏನಾಗುತ್ತದೆ? ಗಾಡಿಯ ತೂಕ ಒಂದು ಗ್ರಾಮೂ ಹೆಚ್ಚಲಿಲ್ಲ. ಆದರೆ 150 ಕಿ.ಗ್ರಾಂ.ಗೆ 100 ಸೆಂ.ಮೀ. ಎಂದರೆ 15,000 ತಿರುಗುಬಲ ಹೊಸದಾಗಿ ಸೇರಿತು. ನೊಗದ ಮೇಲೆ 60 ಕಿ.ಗ್ರಾಂ. ಏರಿ ಒಟ್ಟು 100 ಕಿ.ಗ್ರಾಂ. ಆಯಿತು. ಹೆಗಲು ಊದಿ ಹುಣ್ಣಾಗುವುದು ಹೀಗೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯಲು 1965ರಲ್ಲಿ ಮಾಡಿದ ನಿಯಮಗಳು ಗಾಡಿಗೆ ಹೇರಬಹುದಾದ ತೂಕಕ್ಕೆ ಮಿತಿ ಹಾಕಿವೆ. ಆದರೆ ಮಿತಿಯೊಳಗಿನ ಹೇರು ಕೂಡ ಜಾಗ ತಪ್ಪಿ ಕುಳಿತರೆ ಎತ್ತಿನ ಹೆಗಲನ್ನು ತಿನ್ನುತ್ತದೆ ಎಂಬುದನ್ನು ಯಾವ ನಿಯಮವೂ ಬಂದು ಹೇಳುವುದಿಲ್ಲ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಮೊದಲುಗೊಂಡು ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದಾಗ ಎತ್ತಿನ ಕೊರಳಿನ ನೋವನ್ನು ಮುಖ್ಯ ವಿಷಯವನ್ನಾಗಿ ಎತ್ತಿಕೊಂಡಿದ್ದರು.

ಹಾಗಾದರೆ ಭಾರವನ್ನೆಲ್ಲ ಹಿಂದಕ್ಕೆ ಸರಿಸಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಅದೂ ತಪ್ಪು. ಗುರುತ್ವ ಕೇಂದ್ರ ಅಚ್ಚಿನ ಹಿಂದಕ್ಕೆ ಹೋದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಉಸಿರು ಕಟ್ಟಿದ ಎತ್ತು ಎಳೆಯುವುದು ಹೇಗೆ? ಆದ್ದರಿಂದ ಸಮನೆಲದಲ್ಲಿ ಸ್ವಲ್ಪ ಮುಂಭಾರವಿರಬೇಕು, ಹಿಂಭಾರ ಎಂದಿಗೂ ಇರಬಾರದು.

ಏರು ಇಳಿಜಾರಿನಲ್ಲಿ ಈ ಲೆಕ್ಕ ಬದಲಾಗುತ್ತದೆ. ಇದನ್ನು ಬಲ್ಲವರು ಕಡಿಮೆ. ಮೇಲೆ ಹೇಳಿದ ಗಾಡಿಯಲ್ಲಿ ಗುರುತ್ವ ಕೇಂದ್ರವು ಅಚ್ಚಿಗಿಂತ 60 ಸೆಂ.ಮೀ. ಎತ್ತರದಲ್ಲಿದೆ ಎಂದಿಟ್ಟುಕೊಳ್ಳಿ. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಅದು ಸುಮಾರು 6 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ನೊಗದ ಮೇಲಿನ ಭಾರ 40ರಿಂದ 16 ಕಿ.ಗ್ರಾಂ.ಗೆ ಇಳಿಯುತ್ತದೆ. ಅದೇ ದಾರಿಯಲ್ಲಿ ಇಳಿಯುವಾಗ 6 ಸೆಂ.ಮೀ. ಮುಂದಕ್ಕೆ ಸರಿದು ಭಾರ 64 ಕಿ.ಗ್ರಾಂ.ಗೆ ಏರುತ್ತದೆ. ಅಷ್ಟೇ ತೂಕದ ಹೇರನ್ನು ಎತ್ತರಕ್ಕೆ ಒಟ್ಟಿ ಗುರುತ್ವ ಕೇಂದ್ರವನ್ನು ಅಚ್ಚಿನಿಂದ 120 ಸೆಂ.ಮೀ. ಮೇಲಕ್ಕೆ ಒಯ್ದರೆ ಏರಿನಲ್ಲಿ ನೊಗ ಮೇಲೇಳುತ್ತದೆ, ಇಳಿಜಾರಿನಲ್ಲಿ 88 ಕಿ.ಗ್ರಾಂ. ಕೊರಳ ಮೇಲೆ ಕೂರುತ್ತದೆ. ಹೇರು ಎತ್ತರವಾದಷ್ಟೂ ಎತ್ತಿಗೆ ಎರಡೂ ಕಡೆಯ ಹಿಂಸೆ. ಇದಕ್ಕಾಗಿಯೇ ಅನುಭವಿ ಗಾಡಿಯವನು ಏರು ಬಂದಾಗ ಮೂಕಿಯ ಮೇಲಕ್ಕೆ ಬಂದು ಕುಳಿತುಕೊಳ್ಳುತ್ತಾನೆ, ಇಳಿಜಾರಿನಲ್ಲಿ ಕೆಳಗಿಳಿದು ನಡೆಯುತ್ತಾನೆ. ಅವನಿಗೆ ಗುರುತ್ವ ಕೇಂದ್ರವೆಂಬ ಹೆಸರು ಗೊತ್ತಿಲ್ಲದಿರಬಹುದು, ಅಷ್ಟೇ.

ಹೇರು ಸರಿಯಾಗಿದೆಯೇ ಎಂದು ತಿಳಿಯಲು ಹೆಚ್ಚಿನ ಸಲಕರಣೆ ಬೇಕಿಲ್ಲ. ಸಮನೆಲದಲ್ಲಿ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಎತ್ತು ಹೂಡುವ ಮೊದಲು ನೊಗದ ಹತ್ತಿರ ಮೂಕಿಯನ್ನು ಎತ್ತಿ ನೋಡಬೇಕು. ಒಬ್ಬನೇ ಆಳು ಸ್ವಲ್ಪ ಶ್ರಮದಿಂದ ಎತ್ತಬಲ್ಲನಾದರೆ ಸರಿ. ಇಬ್ಬರು ಬೇಕಾದರೆ ಹಿಂದಕ್ಕೆ ಮೂಟೆ ಸರಿಸಬೇಕು. ತಾನಾಗಿಯೇ ಮೇಲೆದ್ದರೆ ಮುಂದಕ್ಕೆ ತರಬೇಕು. ಇಳಿಸುವಾಗಲೂ ಎಚ್ಚರಿಕೆ ಬೇಕು. ಎತ್ತು ಬಿಚ್ಚಿದ ಗಾಡಿಯಿಂದ ಮುಂದಿನ ಮೂಟೆಗಳನ್ನೇ ಮೊದಲು ಇಳಿಸಿದರೆ ಗಾಡಿ ಹಿಂದಕ್ಕೆ ಕುಸಿದು, ಮೂಕಿ ಎದ್ದು, ಮುಂದೆ ನಿಂತವನ ಗದ್ದಕ್ಕೆ ಹೊಡೆಯುತ್ತದೆ.

ಪಕ್ಕಕ್ಕೆ ಮಗುಚುವುದು

ಎರಡು ಗಾಲಿಗಳ ನಡುವೆ 140 ಸೆಂ.ಮೀ. ಅಂತರವಿದ್ದರೆ ಗುರುತ್ವ ಕೇಂದ್ರಕ್ಕೆ ಪಕ್ಕದ ಅಂಚು 70 ಸೆಂ.ಮೀ. ದೂರ. ಮೂಟೆ ಹೇರಿದ ಗಾಡಿಯಲ್ಲಿ ಗುರುತ್ವ ಕೇಂದ್ರ ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದ್ದರೆ ಗಾಡಿ 30 ಡಿಗ್ರಿ ವಾಲುವವರೆಗೆ ತಡೆಯುತ್ತದೆ. ಒಂದು ಗಾಲಿ ಇನ್ನೊಂದಕ್ಕಿಂತ 70 ಸೆಂ.ಮೀ. ಕೆಳಗಿಳಿಯಬೇಕು. ಹುಲ್ಲು ಒಟ್ಟಿದ ಗಾಡಿಯಲ್ಲಿ ಅದು 180 ಸೆಂ.ಮೀ. ಎತ್ತರಕ್ಕೆ ಹೋದರೆ ಮಿತಿ 21 ಡಿಗ್ರಿ, ಗಾಲಿಗಳ ವ್ಯತ್ಯಾಸ 50 ಸೆಂ.ಮೀ. ಅಷ್ಟು ಆಳದ ಗುಂಡಿಗೆ ಯಾರು ಗಾಡಿ ಇಳಿಸುತ್ತಾರೆ ಎಂದು ಎನ್ನಿಸಬಹುದು. ಆದರೆ ಹುಲ್ಲಿನ ಹೇರು ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹಗ್ಗ ಸಡಿಲವಾಗಿ ಅದು 20 ಸೆಂ.ಮೀ. ವಾಲಿತೆಂದರೆ 70 ಇದ್ದದ್ದು 50 ಆಗುತ್ತದೆ, ಗಾಲಿಗಳ ವ್ಯತ್ಯಾಸ 37 ಸೆಂ.ಮೀ. ಆದರೂ ಸಾಕು. ಬದುವಿನ ಮೇಲೆ ಒಂದು ಗಾಲಿ, ಕಾಲುವೆಯಲ್ಲಿ ಒಂದು ಗಾಲಿ ಬಂದರೆ ಇಷ್ಟು ಆಗಿಯೇ ಆಗುತ್ತದೆ. ಗಾಲಿ ಗುಂಡಿಗೆ ಧಡಕ್ಕನೆ ಬಿದ್ದಾಗ ಹೇರು ತನ್ನ ವೇಗದಿಂದ ಇನ್ನಷ್ಟು ವಾಲುವುದರಿಂದ ಲೆಕ್ಕದ ಮಿತಿಗಿಂತ ಮೊದಲೇ ಗಾಡಿ ಮಗುಚುತ್ತದೆ. ಹೀಗಾಗಿ ಹೇರನ್ನು ಒಂದು ಅಡಿ ತಗ್ಗಿಸಿ ಇನ್ನೊಂದು ಸುತ್ತು ಹೋಗಿಬರುವುದು ದಡ್ಡತನವಲ್ಲ.

ನೀರಿನ ಟ್ಯಾಂಕಿನದು ಬೇರೆ ಕಥೆ. ತುಂಬಿದ ಟ್ಯಾಂಕಿನಲ್ಲಿ ನೀರು ಅಲುಗಾಡಲು ಜಾಗವಿಲ್ಲ. ಅರ್ಧ ತುಂಬಿದ ಟ್ಯಾಂಕಿನಲ್ಲಿ ವಾಲಿದ ಕಡೆಗೇ ನೀರು ಓಡುತ್ತದೆ, ಗುರುತ್ವ ಕೇಂದ್ರವೂ ಅದರೊಂದಿಗೆ ಓಡುತ್ತದೆ. ಒಳಗೆ ಅಡ್ಡ ತಡಿಕೆಗಳಿಲ್ಲದ ಟ್ಯಾಂಕನ್ನು ಅರ್ಧ ತುಂಬಿಸಿಕೊಂಡು ತಿರುವಿನಲ್ಲಿ ವೇಗವಾಗಿ ಹೋಗಬಾರದು.

ಟ್ರ್ಯಾಕ್ಟರಿನ ಮೂತಿ ಮೇಲೇಳುವುದು

ಟ್ರ್ಯಾಕ್ಟರಿನ ಹಿಂದಿನ ಗಾಲಿಗಳೇ ಎಳೆಯುವ ಗಾಲಿಗಳಾದ್ದರಿಂದ ಅದರ ತೂಕದ ಸುಮಾರು ಮೂರರಲ್ಲಿ ಎರಡು ಪಾಲು ಹಿಂದೆಯೇ ಇರುವಂತೆ ಕಟ್ಟಿರುತ್ತಾರೆ. 1,800 ಕಿ.ಗ್ರಾಂ. ತೂಕದ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 180 ಸೆಂ.ಮೀ. ಅಂತರವಿರುವ ಒಂದು ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳ ಮೇಲೆ 600 ಕಿ.ಗ್ರಾಂ. ಇದ್ದರೆ ಗುರುತ್ವ ಕೇಂದ್ರ ಹಿಂದಿನ ಅಚ್ಚಿಗಿಂತ 60 ಸೆಂ.ಮೀ. ಮಾತ್ರ ಮುಂದಿರುತ್ತದೆ. ಮೂತಿಯನ್ನು ನೆಲಕ್ಕೆ ಹಿಡಿದಿಟ್ಟಿರುವುದು ಈ 60 ಸೆಂ.ಮೀ. ಅಂತರವೇ. ಇದರ ತಿರುಗುಬಲ 1,800ಕ್ಕೆ 60, ಅಂದರೆ 1,08,000.

ಎಳೆಯುವಾಗ ಹಿಂದಿನ ಹೊರೆ ಟ್ರ್ಯಾಕ್ಟರನ್ನು ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗುವಿಕೆ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೂ ಮೂತಿಯನ್ನು ಎತ್ತುವ ಶಕ್ತಿ ಅದಕ್ಕಿರುತ್ತದೆ. ಸರಪಳಿಯನ್ನು ಕಂಪನಿಯವರು ಕೊಟ್ಟಿರುವ ಡ್ರಾಬಾರಿಗೆ, ನೆಲದಿಂದ 45 ಸೆಂ.ಮೀ. ಎತ್ತರದಲ್ಲಿ ಕಟ್ಟಿದ್ದರೆ ಮೂತಿ ಏಳಬೇಕಾದರೆ 2,400 ಕಿ.ಗ್ರಾಂ. ಎಳೆತ ಬೇಕು. ಅಷ್ಟು ಎಳೆಯುವ ಮೊದಲೇ ಹಿಂದಿನ ಗಾಲಿಗಳು ನೆಲದ ಹಿಡಿತ ತಪ್ಪಿ ಜಾರುತ್ತವೆ. ಜಾರುವುದೇ ಇಲ್ಲಿ ರಕ್ಷಣೆ. ಅದೇ ಸರಪಳಿಯನ್ನು ಅಚ್ಚಿಗಿಂತ ಮೇಲೆ, 110 ಸೆಂ.ಮೀ. ಎತ್ತರದಲ್ಲಿ, ಮೇಲಿನ ಕೊಂಡಿಗೆ ಕಟ್ಟಿದರೆ 982 ಕಿ.ಗ್ರಾಂ. ಸಾಕು. ಗಟ್ಟಿ ನೆಲದಲ್ಲಿ ಟ್ರ್ಯಾಕ್ಟರು ಅಷ್ಟನ್ನು ಸುಲಭವಾಗಿ ಎಳೆಯುತ್ತದೆ. ಗಾಲಿ ಜಾರುವ ಮೊದಲೇ ಮೂತಿ ಏಳುತ್ತದೆ. ಮರದ ಬೊಡ್ಡೆ ಕೀಳುವಾಗ, ಕೆಸರಲ್ಲಿ ಹೂತ ಲಾರಿ ಎಳೆಯುವಾಗ ಸರಪಳಿಯನ್ನು ಎತ್ತರಕ್ಕೆ ಕಟ್ಟುವುದು ಹಲವರ ರೂಢಿ. ಇದಕ್ಕಿಂತ ಅಪಾಯಕರವಾದ ರೂಢಿ ಟ್ರ್ಯಾಕ್ಟರ್ ಕೆಲಸದಲ್ಲಿ ಮತ್ತೊಂದಿಲ್ಲವೆಂದೇ ಹೇಳಬೇಕು. ಏರಿನಲ್ಲಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಗುರುತ್ವ ಕೇಂದ್ರ ನೆಲದಿಂದ 75 ಸೆಂ.ಮೀ. ಎತ್ತರದಲ್ಲಿದ್ದರೆ ಐದಕ್ಕೆ ಒಂದರ ಏರಿನಲ್ಲಿ ಆ 60 ಸೆಂ.ಮೀ. 45ಕ್ಕೆ ಇಳಿಯುತ್ತದೆ.

ಮೂತಿ ಏಳುತ್ತಿದೆ ಎಂದು ಗೊತ್ತಾದಾಗ ಕ್ಲಚ್ ಒತ್ತಿದರಾಯಿತು ಎಂಬ ನಂಬಿಕೆ ಚಾಲಕರಲ್ಲಿದೆ. ಮೊದಲ ಕ್ಷಣದಲ್ಲಿಯೇ ಒತ್ತಿದರೆ ನಿಜ. ಆದರೆ ಮೂತಿ ಸುಮಾರು 75 ಡಿಗ್ರಿ ಎದ್ದ ಮೇಲೆ ಗುರುತ್ವ ಕೇಂದ್ರ ಹಿಂದಿನ ಅಚ್ಚಿನ ನೇರಕ್ಕೆ ಬಂದುಬಿಡುತ್ತದೆ. ಅಲ್ಲಿಂದಾಚೆ ಎಂಜಿನ್ ನಿಲ್ಲಿಸಿದರೂ ಟ್ರ್ಯಾಕ್ಟರು ಹಿಂದಕ್ಕೇ ಬೀಳುತ್ತದೆ. ಈ ಸ್ಥಿತಿ ತಲುಪಲು ಒಂದು ಸೆಕೆಂಡು ಸಾಕಾಗುತ್ತದೆ. ಮನುಷ್ಯ ಕಂಡು, ತಿಳಿದು, ಕಾಲು ಒತ್ತುವ ಹೊತ್ತಿಗೆ ಆ ಸೆಕೆಂಡು ಕಳೆದಿರುತ್ತದೆ.

ಹಿಂದಕ್ಕೆ ಜೋಡಿಸುವ ಉಪಕರಣವೂ ಮೂತಿಯನ್ನು ಹಗುರ ಮಾಡುತ್ತದೆ. 300 ಕಿ.ಗ್ರಾಂ.ನ ನೇಗಿಲನ್ನು ಹಿಂದಿನ ಅಚ್ಚಿನಿಂದ ಒಂದು ಮೀಟರ್ ಹಿಂದೆ ಎತ್ತಿ ಹಿಡಿದರೆ ಮುಂದಿನ ಗಾಲಿಗಳ ಮೇಲಿನ 600 ಕಿ.ಗ್ರಾಂ. 433ಕ್ಕೆ ಇಳಿಯುತ್ತದೆ. 500 ಕಿ.ಗ್ರಾಂ. ಉಪಕರಣವಾದರೆ 322 ಮಾತ್ರ ಉಳಿಯುತ್ತದೆ. ಟ್ರ್ಯಾಕ್ಟರಿನ ತೂಕದ ಐದನೇ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಇರಬೇಕೆಂಬುದು ರೂಢಿಯ ನಿಯಮ. ಈ ಟ್ರ್ಯಾಕ್ಟರಿಗೆ ಅದು 360 ಕಿ.ಗ್ರಾಂ. ಅದಕ್ಕಿಂತ ಕಡಿಮೆಯಾದರೆ ಸ್ಟೀರಿಂಗ್ ತಿರುಗಿಸಿದರೂ ಟ್ರ್ಯಾಕ್ಟರು ತಿರುಗದು. ಆಗ ಮುಂಭಾಗಕ್ಕೆ ಕಬ್ಬಿಣದ ತೂಕಗಳನ್ನು ಸೇರಿಸಬೇಕು.

ಪಕ್ಕಕ್ಕೆ ಮಗುಚುವ ವಿಷಯದಲ್ಲಿ ಟ್ರ್ಯಾಕ್ಟರಿಗೆ ಒಂದು ಗುಟ್ಟಿನ ದೌರ್ಬಲ್ಯವಿದೆ. ನಾಲ್ಕು ಗಾಲಿಗಳಿದ್ದರೂ ಅದರ ಪಾದ ಆಯತವಲ್ಲ. ಮುಂದಿನ ಅಚ್ಚು ನಡುವಿನಲ್ಲಿ ಒಂದು ಕೀಲಿನ ಮೇಲೆ ಆಡುವುದರಿಂದ ಹಿಂದಿನ ಎರಡು ಗಾಲಿ, ಮುಂದಿನ ಒಂದು ಕೀಲು ಸೇರಿ ಪಾದ ತ್ರಿಕೋನವಾಗುತ್ತದೆ. ಹಿಂದಿನ ಗಾಲಿಗಳ ಅಂತರ 130 ಸೆಂ.ಮೀ. ಇದ್ದರೆ ಪಕ್ಕದ ಅಂಚು 65 ಸೆಂ.ಮೀ. ದೂರವಿದೆ ಎಂದು ಕಂಡರೂ ಗುರುತ್ವ ಕೇಂದ್ರವಿರುವ ಸ್ಥಳದಲ್ಲಿ ತ್ರಿಕೋನದ ಅಂಚು 43 ಸೆಂ.ಮೀ. ದೂರದಲ್ಲಿಯೇ ಇರುತ್ತದೆ. ಕೀಲು ನೆಲದಿಂದ ಎತ್ತರದಲ್ಲಿರುವುದರಿಂದ ಈ ನಷ್ಟ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ತಿರುವಿನಲ್ಲಿ ಹೊರಕ್ಕೆ ತಳ್ಳುವ ಬಲವು ವೇಗದ ವರ್ಗದಂತೆ ಬೆಳೆಯುತ್ತದೆ. 6 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಈ ಬಲ 236 ಕಿ.ಗ್ರಾಂ.ನಷ್ಟು, 20 ಕಿ.ಮೀ. ವೇಗದಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಸುಮಾರು 945 ಕಿ.ಗ್ರಾಂ. ಇಷ್ಟು ಬಲ ಇರುವಾಗ ಹೊರಗಿನ ಗಾಲಿ ಒಂದು ಗುಂಡಿಗೆ ಇಳಿದರೆ ಸಾಕು. ಎಡ, ಬಲ ಬ್ರೇಕುಗಳನ್ನು ಬೇರೆ ಬೇರೆ ಒತ್ತುವ ಸೌಕರ್ಯ ಹೊಲದ ಮೂಲೆಯಲ್ಲಿ ತಿರುಗಿಸಲಿಕ್ಕೆ ಇರುವುದು. ರಸ್ತೆಗೆ ಬಂದ ಕೂಡಲೆ ಎರಡನ್ನೂ ಕೊಂಡಿ ಹಾಕಿ ಒಂದು ಮಾಡಬೇಕು. ಇಲ್ಲದಿದ್ದರೆ ಗಾಬರಿಯಲ್ಲಿ ಒಂದೇ ಬ್ರೇಕಿನ ಮೇಲೆ ಕಾಲು ಬಿದ್ದು ಟ್ರ್ಯಾಕ್ಟರು ತಾನಾಗಿಯೇ ಅತಿ ಇಕ್ಕಟ್ಟಿನ ತಿರುವಿಗೆ ಬೀಳುತ್ತದೆ.

ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಳುವುದು ಹಳ್ಳಿಗಳಲ್ಲಿ ಸಾಮಾನ್ಯ. ಮಗುವಿನ ಅಪೇಕ್ಷೆಗೆ ತಂದೆ ಇಲ್ಲವೆನ್ನಲಾರ. ಆದರೆ ಟ್ರ್ಯಾಕ್ಟರು ಒಮ್ಮೆ ಕುಲುಕಿದರೆ ಮಗು ಬೀಳುವುದು ಹಿಂದಿನ ಗಾಲಿಯ ಮುಂದೆ ಅಥವಾ ನೇಗಿಲಿನ ಮುಂದೆ. ಮಗುಚುವ ಸಂದರ್ಭದಲ್ಲಂತೂ ಚಾಲಕನಿಗೆ ಸ್ಟೀರಿಂಗ್ ಹಿಡಿತವಾದರೂ ಇದೆ, ಮಗುವಿಗೆ ಏನೂ ಇಲ್ಲ.

ಸ್ವೀಡನ್ ದೇಶದಲ್ಲಿ 1959ರಿಂದ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನ ತಲೆಯ ಮೇಲೆ ಗಟ್ಟಿ ಉಕ್ಕಿನ ರಕ್ಷಣಾ ಚೌಕಟ್ಟನ್ನು ಕಡ್ಡಾಯ ಮಾಡಿದರು. ಮುಂದೆ ಆ ದೇಶದಲ್ಲಿ ಮಗುಚಿ ಸಾಯುವವರ ಸಂಖ್ಯೆ ಬಹಳ ಇಳಿಯಿತು. ಚೌಕಟ್ಟು ಟ್ರ್ಯಾಕ್ಟರು ಮಗುಚುವುದನ್ನು ತಡೆಯುವುದಿಲ್ಲ. ಮಗುಚಿದಾಗ ಚಾಲಕನಿಗೆ ಬದುಕಲು ಜಾಗ ಬಿಡುತ್ತದೆ. ಅದರೊಂದಿಗೆ ಸೀಟಿನ ಬೆಲ್ಟನ್ನೂ ಕಟ್ಟಿಕೊಳ್ಳಬೇಕು, ಇಲ್ಲವಾದರೆ ಚಾಲಕ ಹೊರಕ್ಕೆ ಎಸೆಯಲ್ಪಟ್ಟು ಆ ಚೌಕಟ್ಟಿನ ಕೆಳಗೇ ಸಿಕ್ಕಬಹುದು. ಬಿಸಿಲಿಗೆಂದು ಹಾಕಿಸುವ ತಗಡಿನ ಚಾವಣಿಯನ್ನು ಈ ಚೌಕಟ್ಟೆಂದು ತಿಳಿಯಬಾರದು.

ಕೆಸರಿನಲ್ಲಿ ಹೂತಾಗ

ಗದ್ದೆಯಲ್ಲಿ ಟ್ರ್ಯಾಕ್ಟರು ಹೂತಾಗ ಹಿಂದಿನ ಗಾಲಿಗಳಿಗೆ ಅಡ್ಡವಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸುವವರಿದ್ದಾರೆ. ದಿಮ್ಮಿ ನೆಲಕ್ಕೆ ಕಚ್ಚಿ ಗಾಲಿ ತಿರುಗದೆ ನಿಂತರೆ ಎಂಜಿನಿನ ಬಲ ಹೋಗುವುದೆಲ್ಲಿಗೆ? ಗಾಲಿಯನ್ನು ಮುಂದಕ್ಕೆ ತಿರುಗಿಸಲಾರದ ಆ ಬಲ ಟ್ರ್ಯಾಕ್ಟರಿನ ಒಡಲನ್ನೇ ಅಚ್ಚಿನ ಸುತ್ತ ಹಿಂದಕ್ಕೆ ತಿರುಗಿಸುತ್ತದೆ. ಹಿಂದೆ ಏನನ್ನೂ ಕಟ್ಟಿರದಿದ್ದರೂ ಮೂತಿ ಏಳುತ್ತದೆ. ಆದ್ದರಿಂದ ಮೊದಲು ಉಪಕರಣವನ್ನು ಬಿಚ್ಚಿ, ಗಾಲಿಗಳ ಹಿಂದಿನ ಮಣ್ಣನ್ನು ಅಗೆದು ತೆಗೆದು, ಚಿಕ್ಕ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುತ್ತಾ ಹಿಂದಕ್ಕೆ ಬರಲು ಪ್ರಯತ್ನಿಸಬೇಕು. ಹಿಂದಕ್ಕೆ ಚಲಿಸುವಾಗ ಅದೇ ಬಲ ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಕಡಿದಾದ ಏರನ್ನು ಬರಿ ಟ್ರ್ಯಾಕ್ಟರಿನಲ್ಲಿ ಹತ್ತಲೇಬೇಕಾದಾಗ ಹಿಮ್ಮುಖವಾಗಿ ಹತ್ತುವುದು ಒಳ್ಳೆಯದೆಂದು ಹೇಳುವುದೂ ಇದಕ್ಕೇ. ಹಿಂದಕ್ಕೂ ಬರದಿದ್ದರೆ ಇನ್ನೊಂದು ಟ್ರ್ಯಾಕ್ಟರನ್ನು ಕರೆಸಿ, ಎರಡರಲ್ಲಿಯೂ ಸರಪಳಿಯನ್ನು ತಗ್ಗಿನಲ್ಲಿ ಕಟ್ಟಿ, ಸರಪಳಿ ಬಿಗಿಯಾಗುವವರೆಗೆ ಮೆಲ್ಲಗೆ ಸರಿದು, ಆಮೇಲೆ ಎಳೆಯಬೇಕು. ಎಳೆಯುವ ಹೊತ್ತಿನಲ್ಲಿ ಸರಪಳಿಯ ಉದ್ದದ ಎರಡರಷ್ಟು ದೂರದೊಳಗೆ ಯಾರೂ ನಿಲ್ಲಬಾರದು.